ಸೈನಿಕರ ಕೈಗಡಿಯಾರಗಳು

ಕಾಲವನ್ನು ಅಳೆಯದೆ ಬಾಳಿದ ಜನಾಂಗವು ಲೋಕದಲ್ಲಿ ಇಲ್ಲವೆಂದೇ ಹೇಳಬಹುದು. ತಳದಲ್ಲಿ ಸೂಕ್ಷ್ಮವಾದ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವ ಹೊತ್ತನ್ನು ಒಂದು ಗಳಿಗೆಯೆಂದೂ, ಅಂಥ 60 ಗಳಿಗೆಗಳನ್ನು ಒಂದು ಅಹೋರಾತ್ರಿಯೆಂದೂ ನಮ್ಮ ಹಿರಿಯರು ಎಣಿಸಿದರು. ಈಗಿನ ಲೆಕ್ಕದಲ್ಲಿ ಒಂದು ಗಳಿಗೆಗೆ 24 ಮಿನಿಟುಗಳಾಗುತ್ತವೆ. ಮದುವೆಯ ಮುಹೂರ್ತಕ್ಕೂ ಜಾತಕಕ್ಕೂ ಈ ಲೆಕ್ಕವು ಬೇಕಾಗುತ್ತಿತ್ತೇ ಹೊರತು ದಿನನಿತ್ಯದ ಬಾಳಿಗೆ ಇಷ್ಟು ಸೂಕ್ಷ್ಮತೆಯೂ ಬೇಕಿರಲಿಲ್ಲ. ಬೈಂದೂರಿನ ಕಡಲ ಕರೆಯಲ್ಲಿ ದೋಣಿಯನ್ನು ಇಳಿಸುವವನಿಗೆ ಉಬ್ಬರವಿಳಿತಗಳೇ ಗಡಿಯಾರವಾಗಿದ್ದುವು. ಗದ್ದೆಯಲ್ಲಿ ದುಡಿಯುವವನಿಗೆ ತನ್ನ ನೆರಳೇ ಸಾಕಾಗಿತ್ತು. ಬಯಲಾಟವನ್ನು ನೋಡುವವರಿಗೆ ಮೂಡಣದ ಬೆಳಕೇ ಮಂಗಳದ ಸೂಚನೆಯಾಗಿತ್ತು.

ಇಂಥ ಸೀಮೆಯಲ್ಲಿಯೂ ಇಪ್ಪತ್ತನೆಯ ಶತಮಾನದಲ್ಲಿ ಕೈಗಡಿಯಾರವು ಮೆಲ್ಲಮೆಲ್ಲನೆ ಮನೆಮನೆಯನ್ನೂ ಸೇರಿತು. ಆ ಶತಮಾನವು ಕಳೆಯುವಷ್ಟರಲ್ಲಿ ಪೆಟ್ಟಿಗೆಯ ಮೂಲೆಯನ್ನೂ ಸೇರಿತು. ಹಳೆಯ ದಸ್ತೈವಜುಗಳು, ಸವೆದ ನಾಣ್ಯಗಳು, ಒಡೆದ ಕನ್ನಡಕ ಇವುಗಳ ನಡುವೆ ಅಜ್ಜನ ಗಡಿಯಾರವು ಎಂದೋ ನಿಂತ ಹೊತ್ತನ್ನೇ ತೋರಿಸುತ್ತ ಮಲಗಿರುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಅವುಗಳಲ್ಲಿ ಕೆಲವು ನೋಡಿದೊಡನೆಯೇ ಬೇರೆಯಾಗಿ ಕಾಣುತ್ತವೆ. ಕಪ್ಪಾದ ಮುಖದ ಮೇಲೆ ದಪ್ಪನೆಯ ಬಿಳಿಯ ಅಂಕಿಗಳು, ಇಲ್ಲವೆ ಬಿಳಿಯ ಮುಖದ ಮೇಲೆ ಎರಡು ಸಾಲಿನ ಅಂಕಿಗಳು. ಚಿನ್ನದ ಮೆರುಗಾಗಲಿ ಚಿತ್ತಾರವಾಗಲಿ ಇಲ್ಲ. ಇವು ಯೋಧನ ಕೈಗಾಗಿ ರೂಪುಗೊಂಡ ಗಡಿಯಾರಗಳ ಸಂತತಿಯವು. ಇಂಥವನ್ನು ಹುಡುಕಿ ಕೂಡಿಡುವ ಸಂಗ್ರಾಹಕರು ಈಗ ನಮ್ಮ ದೇಶದಲ್ಲಿಯೂ ಪರದೇಶಗಳಲ್ಲಿಯೂ ಹೆಚ್ಚಿದ್ದಾರೆ. ಕೊಳ್ಳುವವರು ಹೆಚ್ಚಿದಂತೆ ಹಳೆಯದನ್ನು ತಿದ್ದಿ ಹೊಸದಾಗಿಸಿ ಮಾರುವವರೂ ಹೆಚ್ಚಿದ್ದಾರೆ. ಬಾರಕೂರಿನ ಶಿಲಾಶಾಸನವೊಂದನ್ನು, ಅಕ್ಷರಗಳು ಮಾಸಿವೆಯೆಂದು, ಉಳಿಯಿಂದ ಕೆತ್ತಿ ನುಣುಪು ಮಾಡಿದರೆ ಉಳಿಯುವುದು ಬರಿಯ ಕಲ್ಲು. ಹಳೆಯ ಗಡಿಯಾರದ ವಿಷಯವೂ ಇದಕ್ಕಿಂತ ಭಿನ್ನವಲ್ಲ. ಅದರ ಮುಖದಲ್ಲಿರುವ ಒಂದೊಂದು ಗೆರೆಗೂ ಒಂದೊಂದು ಕಾರಣವಿದೆ. ಆ ಕಾರಣಗಳನ್ನು ಅರಿತವರಿಗೆ ಅದು ಓದಬಲ್ಲ ಒಂದು ಬರಹವೇ ಆಗಿರುತ್ತದೆ.

ಮೊದಲು ಕೈಗಡಿಯಾರವು ಗಂಡಸರ ಒಡವೆಯಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಅದು ಸ್ತ್ರೀಯರ ಕಂಕಣಕ್ಕೆ ಸೇರಿದ ಅಲಂಕಾರ. ಗಂಡಸರು ಸರಪಣಿಯಲ್ಲಿ ಕಟ್ಟಿದ ಗಡಿಯಾರವನ್ನು ಅಂಗಿಯ ಜೇಬಿನಲ್ಲಿ ಇಡುತ್ತಿದ್ದರು. ಒಂದು ಕೈಯಲ್ಲಿ ಕುದುರೆಯ ಲಗಾಮು, ಇನ್ನೊಂದರಲ್ಲಿ ಆಯುಧ. ಹೀಗಿರುವಲ್ಲಿ ಜೇಬಿನ ಗುಂಡಿಯನ್ನು ಬಿಚ್ಚಿ ಗಡಿಯಾರವನ್ನು ಹೊರಗೆ ತೆಗೆಯುವುದು ಯುದ್ಧಭೂಮಿಯಲ್ಲಿ ಆಗತಕ್ಕ ಮಾತಲ್ಲ. 1899ರಿಂದ 1902ರ ವರೆಗೆ ದಕ್ಷಿಣ ಆಫ್ರಿಕದಲ್ಲಿ ನಡೆದ ಬೋವರ್ ಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿಗಳು ಜೇಬಿನ ಸಣ್ಣ ಗಡಿಯಾರವನ್ನು ತೊಗಲಿನ ಬಟ್ಟಲಿನಂಥ ಪಟ್ಟಿಯೊಳಗೆ ಕೂರಿಸಿ ಮಣಿಕಟ್ಟಿಗೆ ಬಿಗಿದುಕೊಂಡರು. 1914ರಲ್ಲಿ ಮೊದಲನೆಯ ಮಹಾಯುದ್ಧವು ತೊಡಗಿ ಸೈನ್ಯಗಳು ಕಂದಕಗಳಲ್ಲಿ ಹೂತುಕೊಂಡ ಮೇಲೆ, ಹಿಂದೆ ಅನುಕೂಲವೆನಿಸಿದ್ದುದು ಅನಿವಾರ್ಯವಾಯಿತು. ಹಿಂದಿನಿಂದ ಫಿರಂಗಿಗಳು ಶತ್ರುವಿನ ಸಾಲಿನ ಮೇಲೆ ಗುಂಡಿನ ಮಳೆಯನ್ನು ಸುರಿಸುತ್ತ ಗೊತ್ತಾದ ಮಿನಿಟಿಗೆ ಮುಂದುಮುಂದಕ್ಕೆ ಸರಿಸುವುವು. ಆ ಗುಂಡಿನ ಪರದೆಯ ಬೆನ್ನಿನಲ್ಲಿಯೇ ಕಾಲಾಳುಗಳು ಮುನ್ನಡೆಯಬೇಕು. ಗಡಿಯಾರವು ಎರಡು ಮಿನಿಟು ಮುಂದಾಗಿದ್ದರೆ ಸೈನಿಕನು ತನ್ನವರ ಗುಂಡಿಗೇ ಆಹುತಿ; ಎರಡು ಮಿನಿಟು ಹಿಂದಾಗಿದ್ದರೆ ಚೇತರಿಸಿಕೊಂಡ ಶತ್ರುವಿನ ಗುಂಡಿಗೆ ಆಹುತಿ. ಆದುದರಿಂದ ಹೊರಡುವ ಮೊದಲು ಅಧಿಕಾರಿಗಳೆಲ್ಲರೂ ತಮ್ಮ ಗಡಿಯಾರಗಳನ್ನು ಒಂದಕ್ಕೊಂದು ಹೊಂದಿಸಿಕೊಳ್ಳುವುದು ಪದ್ಧತಿಯಾಯಿತು.

ಇಂದು ಸೈನಿಕ ಗಡಿಯಾರದ ಲಕ್ಷಣಗಳೆಂದು ಎಣಿಸಲ್ಪಡುವುವೆಲ್ಲ ಈ ಅವಸ್ಥೆಯಿಂದ ಹುಟ್ಟಿದವು. ರೋಮನ್ ಅಂಕಿಗಳನ್ನು ಓದುವುದಕ್ಕೆ ಒಂದು ಕ್ಷಣ ಹೆಚ್ಚು ಬೇಕು; ಆದುದರಿಂದ ದಪ್ಪನೆಯ ಸಾಮಾನ್ಯ ಅಂಕಿಗಳು ಬಂದವು. ಕತ್ತಲೆಯಲ್ಲಿ ಬೆಂಕಿಕಡ್ಡಿಯನ್ನು ಗೀರಿದರೆ ಶತ್ರುವಿಗೆ ಗುರಿ ಸಿಕ್ಕಂತೆ. ಆದುದರಿಂದ ಅಂಕಿಗಳಿಗೂ ಮುಳ್ಳುಗಳಿಗೂ ತಾನಾಗಿ ಬೆಳಗುವ ರೇಡಿಯಂ ಮಿಶ್ರಿತ ಬಣ್ಣವನ್ನು ತುಂಬಿದರು. ಗಾಜು ಒಡೆಯದಿರಲೆಂದು ಮೇಲೆ ಲೋಹದ ಜಾಲರಿಯನ್ನು ಹೊದಿಸಿದರು. ಪಟ್ಟಿಯು ಕಳಚಿ ಬೀಳದಿರಲೆಂದು ಅದನ್ನು ಹಿಡಿಯುವ ಕಂಬಿಗಳನ್ನು ಕವಚಕ್ಕೇ ಬೆಸೆದರು. ಇವುಗಳಲ್ಲಿ ಅಂದಕ್ಕಾಗಿ ಮಾಡಿದುದು ಒಂದೂ ಇಲ್ಲ. ಆದರೂ ಕಾಲಾನಂತರದಲ್ಲಿ ಜನರು ಇದನ್ನೇ ಅಂದವೆಂದು ಮೆಚ್ಚಿದರು. ಯುದ್ಧವು ಮುಗಿದು ಸೈನಿಕರು ಮನೆಗೆ ಮರಳಿದಾಗ ಗಡಿಯಾರವು ಅವರ ಮಣಿಕಟ್ಟಿನಲ್ಲಿಯೇ ಉಳಿಯಿತು; ಜೇಬಿನ ಗಡಿಯಾರವು ಮುದುಕರ ವಸ್ತುವಾಯಿತು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಎಲ್ಲರ ಗಡಿಯಾರಗಳೂ ಒಂದೇ ಹೊತ್ತನ್ನು ತೋರಿಸಬೇಕೆಂಬ ನಿಯಮವು ನಮ್ಮ ದೇಶಕ್ಕೆ ಹೊಸತು. 1906ನೆಯ ಇಸವಿಯಲ್ಲಿ, ಪೂರ್ವ ರೇಖಾಂಶ 82½ ಅಂಶವನ್ನು ಆಧಾರವಾಗಿಟ್ಟುಕೊಂಡು, ಇಂಡಿಯಾ ದೇಶಕ್ಕೆಲ್ಲ ಒಂದೇ ವೇಳೆಯು ಗೊತ್ತಾಯಿತು. ಬೈಂದೂರು ಆ ರೇಖೆಗೆ ಸುಮಾರು ಎಂಟು ಅಂಶಗಳಷ್ಟು ಪಡುವಣಕ್ಕಿದೆ. ಒಂದು ಅಂಶಕ್ಕೆ ನಾಲ್ಕು ಮಿನಿಟಿನಂತೆ ಲೆಕ್ಕ ಹಾಕಿದರೆ, ಗಡಿಯಾರವು 12 ಗಂಟೆಯೆಂದು ಸಾರುವಾಗ ಬೈಂದೂರಿನ ಸೂರ್ಯನು ನೆತ್ತಿಗೆ ಬರುವುದಕ್ಕೆ ಸಾಮಾನ್ಯವಾಗಿ ಇನ್ನೂ ಅರ್ಧ ಗಂಟೆಯಿರುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರಿಂದ 1945ರ ವರೆಗೆ, ಸರಕಾರವು ದೇಶದ ಗಡಿಯಾರಗಳನ್ನೇ ಒಂದು ಗಂಟೆ ಮುಂದಕ್ಕೆ ತಳ್ಳಿತ್ತು. ಆಗ ಈ ಅಂತರವು ಒಂದೂವರೆ ಗಂಟೆಗೆ ಏರಿತು. ನೆರಳನ್ನು ನೋಡಿ ಬಾಳುತ್ತಿದ್ದ ಕರಾವಳಿಯ ಮನುಷ್ಯನು ಮಣಿಕಟ್ಟನ್ನು ನೋಡಿ ಬಾಳತೊಡಗಿದಾಗ ಅವನು ತನ್ನ ಊರಿನ ಸೂರ್ಯನನ್ನು ಬಿಟ್ಟು ದೇಶದ ಸೂರ್ಯನನ್ನು ಅನುಸರಿಸಿದಂತಾಯಿತು.

ನಮ್ಮ ದೇಶದಲ್ಲಿ ಸೈನಿಕರ ಕೈಗಡಿಯಾರದ ಕಥೆಯು ಮುಂಬಯಿಯಿಂದ ತೊಡಗುತ್ತದೆ. ವೆಸ್ಟ್ ಎಂಡ್ ವಾಚ್ ಕಂಪೆನಿಯೆಂಬ ಸ್ವಿಸ್ ಸಂಸ್ಥೆಯು 1886ನೆಯ ಇಸವಿಯಲ್ಲಿ ಆ ನಗರದಲ್ಲಿ ಕಾಲೂರಿತು. ಗಡಿಯಾರಗಳು ಸ್ವಿಟ್ಜರ್ಲೆಂಡಿನಲ್ಲಿ ತಯಾರಾಗಿ ಹಡಗಿನಲ್ಲಿ ಇಲ್ಲಿಗೆ ಬರುತ್ತಿದ್ದುವು. ಆ ಸಂಸ್ಥೆಯ ಹೆಸರಾಂತ ಗಡಿಯಾರಕ್ಕೆ ‘ಸೋವಾರ್’ ಎಂದು ಹೆಸರು. ಕನ್ನಡದಲ್ಲಿ ಸವಾರನೆನ್ನುವ ಮಾತೇ ಇದು. ಇಂಡಿಯಾದ ಅಶ್ವದಳದಲ್ಲಿ ಸಾಮಾನ್ಯ ಯೋಧನಿಗೆ ಇದೇ ಪದವಿ. ಮೊದಲನೆಯ ಮಹಾಯುದ್ಧದಲ್ಲಿ ಹತ್ತು ಲಕ್ಷಕ್ಕೂ ಮಿಕ್ಕಿ ಭಾರತೀಯರು ಕಡಲನ್ನು ದಾಟಿಹೋಗಿ, ಮೆಸೊಪೊಟೇಮಿಯದ ಮರಳಿನಲ್ಲಿಯೂ ಫ್ರಾನ್ಸಿನ ಕೆಸರಿನಲ್ಲಿಯೂ ದುಡಿದರು. ಇಂಡಿಯಾದ ಸೇನೆಯಲ್ಲಿ ವೆಸ್ಟ್ ಎಂಡಿನ ಗಡಿಯಾರಗಳು ನಂಬಿಕೆಯನ್ನು ಗಳಿಸಿದುದು ಈ ಕಾಲದಲ್ಲಿಯೇ. 1934ರಲ್ಲಿ, ಬಿದ್ದಾಗ ಒಳಗಿನ ಸೂಕ್ಷ್ಮವಾದ ಅಚ್ಚು ಮುರಿಯದಂತೆ ಕಾಪಾಡುವ ‘ಇನ್ಕಾಬ್ಲಾಕ್’ ಎಂಬ ಸಾಧನವನ್ನು ಅಳವಡಿಸಿಕೊಂಡವರಲ್ಲಿ ಈ ಸಂಸ್ಥೆಯೇ ಮೊದಲಿನದು. ಕುದುರೆಯ ಮೇಲಣ ಕುಲುಕಾಟವನ್ನು ಸಹಿಸಬೇಕಾದ ಗಡಿಯಾರಕ್ಕೆ ಅಂಥ ರಕ್ಷಣೆಯು ಎಷ್ಟು ಅಗತ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕುಂದಾಪುರ ಬೈಂದೂರು ಸೀಮೆಗೂ ಮುಂಬಯಿಗೂ ಇರುವ ನಂಟು ವಾಚಕರಿಗೆ ತಿಳಿದಿರುವಂಥದೇ. ಹೋಟೆಲುಗಳಲ್ಲಿ ಮಾಣಿಯಾಗಿ ಸೇರಿ ಮಾಲಿಕರಾದವರೂ, ಗಿರಣಿ ಕಚೇರಿಗಳಲ್ಲಿ ದುಡಿದವರೂ ಊರಿಗೆ ಮರಳುವಾಗ ತಂದ ಬೆಲೆಬಾಳುವ ವಸ್ತುಗಳಲ್ಲಿ ಕೈಗಡಿಯಾರವೂ ಒಂದು. ದೇಶದಲ್ಲಿ ಕೈಗಡಿಯಾರದ ದೊಡ್ಡ ಕಾರಖಾನೆಯು ಇಲ್ಲದಿದ್ದ ಆ ದಿನಗಳಲ್ಲಿ ಹೀಗೆ ಬಂದುದೆಲ್ಲವೂ ಬಹುಮಟ್ಟಿಗೆ ಸ್ವಿಟ್ಜರ್ಲೆಂಡಿನದೇ ಆಗಿರುತ್ತಿತ್ತು. ಆದುದರಿಂದ ಕರಾವಳಿಯ ಮನೆಯಲ್ಲಿ ಹಳೆಯ ವೆಸ್ಟ್ ಎಂಡ್ ಗಡಿಯಾರವು ದೊರೆತರೆ, ಆ ಮನೆಯಲ್ಲಿ ಯಾರೋ ಸೇನೆಗೆ ಸೇರಿದ್ದರೆಂದು ಒಡನೆಯೇ ಊಹಿಸಬಾರದು. ಮುಂಬಯಿಗೆ ಹೋಗಿದ್ದರೆಂದು ಊಹಿಸುವುದೇ ಹೆಚ್ಚು ಯುಕ್ತವಾಗಿರುತ್ತದೆ. ಸಿಪಾಯಿಗಾಗಿ ಗೊತ್ತುಮಾಡಿದ ರೂಪವು ಸಂಸಾರಿಗೂ ಒಪ್ಪಿಗೆಯಾಯಿತೆಂಬುದೇ ಇದರ ಅರ್ಥ.

ಎರಡನೆಯ ಮಹಾಯುದ್ಧದ ಕಡೆಗಾಲಕ್ಕೆ ಈ ರೂಪವು ಒಂದು ಶಾಸ್ತ್ರದಂತೆ ನಿಂತಿತು. 1945ರಲ್ಲಿ ಬ್ರಿಟಿಷ್ ಯುದ್ಧ ಇಲಾಖೆಯು ಒಂದೇ ಲಕ್ಷಣಪಟ್ಟಿಕೆಗೆ ಅನುಸಾರವಾಗಿ ಹನ್ನೆರಡು ಗಡಿಯಾರ ಸಂಸ್ಥೆಗಳಿಂದ ಕೈಗಡಿಯಾರಗಳನ್ನು ಮಾಡಿಸಿಕೊಂಡಿತು. ಒಮೆಗಾ, ಲಾಂಜೀನ್ಸ್, ಸೀಮಾ, ವರ್ಟೆಕ್ಸ್ ಇವು ಆ ಹನ್ನೆರಡರಲ್ಲಿ ಕೆಲವು. ಮುಖವು ಕಪ್ಪಾಗಿರಬೇಕು, ಅಂಕಿಗಳು ಬೆಳ್ಳಗಿರಬೇಕು, ಆರನೆಯ ಅಂಕಿಯ ಎಡೆಯಲ್ಲಿ ಸೆಕೆಂಡಿನ ಸಣ್ಣ ವೃತ್ತವಿರಬೇಕು, ಯಂತ್ರದಲ್ಲಿ 15 ಹರಳುಗಳಿರಬೇಕು, ನೀರು ಒಳಗೆ ಹೋಗಬಾರದು. ಬೆನ್ನಿನ ಮೇಲೆ ಸರಕಾರದ ಸ್ವತ್ತೆಂಬುದನ್ನು ಸೂಚಿಸುವ ಬಾಣದ ಗುರುತು. ಮೂರು ಗೆರೆಗಳ ಈ ಬಾಣವು ಬ್ರಿಟಿಷ್ ಸರಕಾರದ ಉಗ್ರಾಣದ ಬಹು ಹಳೆಯ ಮುದ್ರೆ. ಸ್ವಾತಂತ್ರ್ಯದ ಅನಂತರವೂ ಅದು ನಮ್ಮಲ್ಲಿ ಉಳಿದುಕೊಂಡಿದೆ. ಹೆದ್ದಾರಿಯಲ್ಲಿ ಹಾದುಹೋಗುವ ಸೇನೆಯ ಲಾರಿಗಳ ನಂಬರು ಹಲಗೆಯಲ್ಲಿ ಮೇಲ್ಮುಖವಾಗಿ ಬರೆದಿರುವ ಬಾಣವು ಇದೇ.

ಸ್ವಾತಂತ್ರ್ಯವು ಬಂದಾಗ ದೇಶಕ್ಕೆ ಸೈನ್ಯವಿದ್ದಿತು. ಆ ಸೈನ್ಯಕ್ಕೆ ಬೇಕಾದ ಕೈಗಡಿಯಾರವನ್ನು ಮಾಡುವ ಕಾರಖಾನೆಯು ಇರಲಿಲ್ಲ. ಈ ಕೊರತೆಯನ್ನು ನೀಗಿಸಿದ ಕೀರ್ತಿಯು ಕನ್ನಡ ನಾಡಿಗೆ ಸಲ್ಲುತ್ತದೆ. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಎಂಬ ಸರಕಾರೀ ಕಾರಖಾನೆಯು ಏರ್ಪಟ್ಟಿತು. ಯಂತ್ರಗಳನ್ನು ಮಾಡುವ ಯಂತ್ರಗಳನ್ನು ತಯಾರಿಸುವುದು ಅದರ ಕೆಲಸ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಕಾರದಿಂದ ಅದೇ ಸಂಸ್ಥೆಯು ಕೈಗಡಿಯಾರಗಳ ನಿರ್ಮಾಣಕ್ಕೆ ಕೈಹಾಕಿತು. ಅಲ್ಲಿ ತಯಾರಾದ ಗಡಿಯಾರಗಳ ಮೊದಲ ತಂಡವನ್ನು ಪ್ರಧಾನಿ ಜವಾಹರಲಾಲ ನೆಹರೂ ಅವರು ಲೋಕಾರ್ಪಣ ಮಾಡಿದರು. ಮುಂದೆ 1978ರಲ್ಲಿ ತುಮಕೂರಿನಲ್ಲಿಯೂ, ಶ್ರೀನಗರ ಮತ್ತು ನೈನಿತಾಲದ ಬಳಿಯ ರಾಣೀಬಾಗ್ ಎಂಬಲ್ಲಿಯೂ ಕಾರಖಾನೆಗಳು ಏರ್ಪಟ್ಟವು. ಹೆಚ್. ಎಂ. ಟಿ. ಎಂಬ ಮೂರಕ್ಷರವು ಭಾರತದಲ್ಲಿ ಕೈಗಡಿಯಾರಕ್ಕೆ ಪರ್ಯಾಯಪದವೇ ಆಗಿಹೋಯಿತು. ‘ಜನತಾ’, ‘ಕೊಹಿನೂರ್’, ‘ಸೋನಾ’, ‘ಕಾಂಚನ್’ ಮುಂತಾದ ಹೆಸರುಗಳನ್ನು ಅರಿಯದ ಮನೆಯು ಆ ಕಾಲದಲ್ಲಿ ಇರಲಿಲ್ಲವೆನ್ನಬಹುದು.

ಇವುಗಳ ನಡುವೆ ಸೈನಿಕ ರೂಪವನ್ನು ಧರಿಸಿದ ಪ್ರಸಿದ್ಧ ಗಡಿಯಾರಗಳು ಎರಡು. ಒಂದು ‘ಜವಾನ್’, ಇನ್ನೊಂದು ‘ಪೈಲಟ್’. ನಮ್ಮ ಕಡೆಯಲ್ಲಿ ಜವಾನನೆಂದರೆ ಕಚೇರಿಯಲ್ಲಿ ಕಾಗದಪತ್ರಗಳನ್ನು ಒಯ್ಯುವವನು. ಹಿಂದಿಯಲ್ಲಿ ಆ ಮಾತಿಗೆ ತರುಣನೆಂದೂ ಸಿಪಾಯಿಯೆಂದೂ ಅರ್ಥ. ಗಡಿಯಾರದ ಹೆಸರು ಆ ಎರಡನೆಯ ಅರ್ಥದ್ದು. ಜವಾನ್ ಗಡಿಯಾರದ ಮುಖದಲ್ಲಿ 1ರಿಂದ 12ರ ವರೆಗಿನ ದೊಡ್ಡ ಅಂಕಿಗಳ ಒಳಗಡೆ 13ರಿಂದ 24ರ ವರೆಗಿನ ಸಣ್ಣ ಅಂಕಿಗಳ ಇನ್ನೊಂದು ವೃತ್ತವಿರುತ್ತದೆ. ಸೈನ್ಯದಲ್ಲಿ ಹಗಲು ರಾತ್ರಿಗಳ ಗೊಂದಲಕ್ಕೆ ಎಡೆಯಿರಬಾರದೆಂದು ದಿನವನ್ನು 24 ಗಂಟೆಗಳಾಗಿಯೇ ಎಣಿಸುತ್ತಾರೆ; ಸಂಜೆಯ ಆರು ಗಂಟೆಯು ಅಲ್ಲಿ ಹದಿನೆಂಟು ಗಂಟೆ. ಒಳಗಿನ ವೃತ್ತವು ಈ ಲೆಕ್ಕಕ್ಕಾಗಿ ಇರುವುದು. ಸೇನೆಗೆ ಸರಬರಾಜಾದ ಜವಾನ್ ಗಡಿಯಾರಗಳ ಬೆನ್ನಿನ ಮೇಲೆ ಬಾಣದ ಮುದ್ರೆಯೂ ಉಗ್ರಾಣದ ಸಂಖ್ಯೆಯೂ ಕೆತ್ತಲ್ಪಟ್ಟಿರುತ್ತವೆ. ಇದೇ ಗಡಿಯಾರವು ಈ ಗುರುತುಗಳಿಲ್ಲದೆ ಸಾಮಾನ್ಯ ಜನರಿಗೂ ಮಾರಾಟವಾಗುತ್ತಿತ್ತು. ಆದುದರಿಂದ ಬಾಣವಿಲ್ಲದ ಜವಾನ್ ನಕಲಿಯೆಂದು ತಿಳಿಯುವುದು ತಪ್ಪು. ಅದು ಸಿಪಾಯಿಯ ಸೋದರನೇ. ಸೇನೆಗೆ ಮಾತ್ರ ಸೇರಿದುದಲ್ಲ.

‘ಪೈಲಟ್’ ಗಡಿಯಾರದ ರೂಪವು ಇನ್ನೂ ಸರಳ. ಕಪ್ಪು ಮುಖ, ಬಿಳಿಯ ದೊಡ್ಡ ಅಂಕಿಗಳು, ನಡುವಿನಿಂದಲೇ ಹೊರಡುವ ಸೆಕೆಂಡಿನ ಮುಳ್ಳು, ಇಷ್ಟೇ. ಹಿಂದಿನ ಬ್ರಿಟಿಷ್ ಗಡಿಯಾರಗಳ ವಂಶಲಕ್ಷಣವು ಇದರಲ್ಲಿ ಸ್ಪಷ್ಟವಾಗಿದೆ; ಸೆಕೆಂಡಿನ ಸಣ್ಣ ವೃತ್ತವೊಂದು ಬಿಟ್ಟುಹೋಗಿದೆ. ಹೆಸರನ್ನು ನೋಡಿ, ಪ್ರತಿಯೊಂದು ಪೈಲಟ್ ಗಡಿಯಾರವೂ ವಿಮಾನವನ್ನು ಏರಿ ಬಂದುದೆಂದು ಮಾರುವವರು ಹೇಳುವುದುಂಟು. ಹೆಸರು ಪ್ರಮಾಣವಾಗಲಾರದು. ಪೇಟೆಯಲ್ಲಿ ಗುಮಾಸ್ತನೂ ಉಪಾಧ್ಯಾಯನೂ ಕೊಂಡು ಕಟ್ಟಿಕೊಂಡ ಗಡಿಯಾರವಿದು. ಆಕಾಶಕ್ಕೆ ಹಾರದವನ ಕೈಗೂ ಹಾರುವವನ ಹೆಸರಿನ ಗಡಿಯಾರವು ಎಟಕುವಂತಾದುದು ಅದರ ಹಿರಿಮೆಯೇ ಹೊರತು ಕೊರತೆಯಲ್ಲ.

ಈ ಎರಡರ ಒಳಗಣ ಯಂತ್ರವೂ ಬಹುಮಟ್ಟಿಗೆ ಒಂದೇ ಬಗೆಯದು. ಸಿಟಿಜನ್ ಸಂಸ್ಥೆಯ ಮಾದರಿಯನ್ನು ಅನುಸರಿಸಿದ, ದಿನಕ್ಕೊಮ್ಮೆ ಕೀಲಿ ಕೊಡಬೇಕಾದ, 17 ಹರಳುಗಳ ಯಂತ್ರ. ಹರಳೆಂದೊಡನೆ ಒಡವೆಯ ರತ್ನವೆಂದು ತಿಳಿಯಬಾರದು. ತಿರುಗುವ ಅಚ್ಚಿನ ಮೊನೆಯು ಲೋಹದ ಗುಳಿಯಲ್ಲಿ ಕುಳಿತರೆ ಬೇಗನೆ ಸವೆಯುವುದು. ಕೃತಕ ಮಾಣಿಕ್ಯದ ಗುಳಿಯಲ್ಲಿ ಕುಳಿತರೆ ದಶಕಗಳ ವರೆಗೂ ಸವೆಯದು. ಒಳಗಿನ ಪುಟ್ಟ ಚಕ್ರವು ಗಂಟೆಗೆ 18,000 ಸಲ, ಎಂದರೆ ದಿನಕ್ಕೆ 4,32,000 ಸಲ, ಅತ್ತಿತ್ತ ಹೊರಳುತ್ತದೆ. ಗಡಿಯಾರವು ದಿನಕ್ಕೆ ಒಂದು ಮಿನಿಟು ತಪ್ಪಿದರೂ ಆ ತಪ್ಪು 1,440ರಲ್ಲಿ ಒಂದು ಪಾಲು ಮಾತ್ರ. ಕೆಲವು ಗಡಿಯಾರಗಳ ಮುಖದ ಮೇಲೆ ‘ಪ್ಯಾರಾಶಾಕ್’ ಎಂದು ಬರೆದಿರುವುದು, ಸಿಟಿಜನ್ ಸಂಸ್ಥೆಯು 1956ರಲ್ಲಿ ಬಳಕೆಗೆ ತಂದ ಆಘಾತನಿವಾರಕ ಸಾಧನದ ಹೆಸರು. ಆ ಸಾಧನವುಳ್ಳ ಗಡಿಯಾರಗಳನ್ನು ಹೆಲಿಕಾಪ್ಟರಿನಿಂದ ಕೆಳಕ್ಕೆ ಹಾಕಿ ಜನರೆದುರಿಗೆ ಪರೀಕ್ಷಿಸಿ ತೋರಿಸಿದ್ದರು.

ಸಂಗ್ರಾಹಕರ ಕುತೂಹಲಕ್ಕೆ ವಿಷಯವಾದುದು ಇವುಗಳ ರೂಪಭೇದ. ಒಂದೇ ಹೆಸರಿನ ಗಡಿಯಾರವು ಹಲವು ವರ್ಷಗಳ ಕಾಲ ತಯಾರಾದಾಗ ಅದರಲ್ಲಿ ಸಣ್ಣಪುಟ್ಟ ವ್ಯತ್ಯಾಸಗಳು ಬರುವುದು ಸಹಜ. ಕೆಲವು ಮುಖಗಳ ಮೇಲೆ ಹೆಸರು ಇಂಗ್ಲಿಷಿನಲ್ಲಿದೆ. ಕೆಲವುಗಳ ಮೇಲೆ ನಾಗರಿಯಲ್ಲಿದೆ. ಕೆಲವುಗಳಲ್ಲಿ ಆಘಾತನಿವಾರಕದ ಹೆಸರಿದೆ; ಕೆಲವುಗಳಲ್ಲಿ ಇಲ್ಲ. ಕೆಲವು ಮುಳ್ಳುಗಳಲ್ಲಿ ಬೆಳಗುವ ಬಣ್ಣವನ್ನು ತುಂಬಿದ್ದಾರೆ; ಕೆಲವು ಬರಿಯ ಲೋಹ. ಜವಾನ್ ಗಡಿಯಾರವು ಬಿಳಿಯ ಮುಖದಲ್ಲಿಯೂ ಕಪ್ಪು ಮುಖದಲ್ಲಿಯೂ ದೊರೆಯುತ್ತದೆ. ಸುಮಾರು 35 ಮಿಲ್ಲಿಮೀಟರು ಅಗಲದ ಕವಚದಲ್ಲಿಯೂ ಅಂಚಿನ ಏರಿಳಿತ, ಗುಂಡಿಯ ಗಾತ್ರ, ಬೆನ್ನಿನ ಬರಹ ಇವುಗಳಲ್ಲಿ ಭೇದವಿದೆ. ಈ ಭೇದಗಳನ್ನು ಹತ್ತಾರು ಗಡಿಯಾರಗಳಲ್ಲಿ ಹೋಲಿಸಿ ನೋಡಿದಾಗ ಯಾವುದು ಹಿಂದಿನದು, ಯಾವುದು ಮುಂದಿನದು ಎಂಬ ಕ್ರಮವು ತೋರತೊಡಗುತ್ತದೆ. ಲಿಪಿಯ ಮಾರ್ಪಾಟಿನಿಂದ ಶಾಸನದ ಕಾಲವನ್ನು ನಿರ್ಣಯಿಸುವ ವಿದ್ವಾಂಸರ ಮಾರ್ಗವೂ ಇದೇ. ಒಂದು ಗಡಿಯಾರವು ಕೇವಲ ವಸ್ತು; ಮೂಲರೂಪದಲ್ಲಿ ಉಳಿದ ಹಲವು ಗಡಿಯಾರಗಳು ಕೂಡಿದರೆ ಒಂದು ಚರಿತ್ರೆ.

ಈ ಗಡಿಯಾರಗಳು ಕರಾವಳಿಗೆ ಬಂದ ಬಗೆಯೂ ಸ್ಮರಣಯೋಗ್ಯವಾದುದು. ಮೆಟ್ರಿಕ್ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಗನಿಗೆ ತಂದೆಯು ಕೊಡಿಸಿದುದು, ಮದುವೆಯಲ್ಲಿ ಅಳಿಯನಿಗೆ ಮಾವನು ಕಟ್ಟಿದುದು, ಸೇನೆಯಿಂದ ನಿವೃತ್ತನಾದವನು ಕೈಯಲ್ಲಿ ಕಟ್ಟಿಕೊಂಡೇ ಬಂದುದು, ಹೀಗೆ ಒಂದೊಂದಕ್ಕೂ ಒಂದೊಂದು ಸಂದರ್ಭವಿದೆ. ಬೇಡಿಕೆಯಷ್ಟು ಪೂರೈಕೆಯಿಲ್ಲದ ಆ ವರ್ಷಗಳಲ್ಲಿ ವಿದೇಶೀ ಗಡಿಯಾರಗಳು ಕಳ್ಳಸಾಗಣೆಯ ಮುಖ್ಯ ಸರಕಾಗಿದ್ದುವು. ರಸೀದಿಯೊಂದಿಗೆ ಕೊಂಡ ಸ್ವದೇಶೀ ಗಡಿಯಾರವೇ ಮರ್ಯಾದೆಯ ಲಕ್ಷಣವಾಗಿದ್ದಿತು. ಆದರೆ ಕಡಲ ತೀರದ ಹವೆಯು ಗಡಿಯಾರಕ್ಕೆ ಹಿತವಾದುದಲ್ಲ. ಮಳೆಗಾಲದ ನಾಲ್ಕು ತಿಂಗಳ ತೇವ, ವರ್ಷವಿಡೀ ಬೀಸುವ ಉಪ್ಪುಗಾಳಿ, ಬೇಸಗೆಯ ಬೆವರು, ಇವು ಮೂರೂ ಕೂಡಿ ಹಿತ್ತಾಳೆಯ ಮೇಲಣ ಕ್ರೋಮಿಯಂ ಲೇಪವನ್ನು ತಿನ್ನುತ್ತವೆ. ಕೀಲಿಯ ದಂಡವು ತುಕ್ಕು ಹಿಡಿಯುತ್ತದೆ. ಕಪ್ಪು ಮುಖದ ಮೇಲೆ ಸಣ್ಣ ಬೊಕ್ಕೆಗಳು ಏಳುತ್ತವೆ. ಬಯಲುಸೀಮೆಯಲ್ಲಿ ಬಾಳಿದ ಗಡಿಯಾರಕ್ಕೂ ಬೈಂದೂರಿನಲ್ಲಿ ಬಾಳಿದ ಗಡಿಯಾರಕ್ಕೂ ಮುಖದಲ್ಲಿಯೇ ಭೇದವು ಕಾಣುತ್ತದೆ. ಈ ಕಲೆಗಳು ದೋಷಗಳೆಂದು ತೋರಬಹುದು. ಅವು ಗಡಿಯಾರವು ಬಾಳಿದ ಊರಿನ ಸಾಕ್ಷಿಯೂ ಹೌದು. 1998ರಲ್ಲಿ ಕೊಂಕಣ ರೈಲು ಮಾರ್ಗವು ಪೂರ್ಣವಾಗಿ ತೆರೆದು, ಬೈಂದೂರಿನ ಮೂಕಾಂಬಿಕಾ ರೋಡ್ ನಿಲ್ದಾಣದಲ್ಲಿ ಗಾಡಿಗಳು ನಿಲ್ಲತೊಡಗಿದಾಗ, 24 ಗಂಟೆಗಳ ಲೆಕ್ಕದಲ್ಲಿ ಬರೆದ ರೈಲಿನ ವೇಳಾಪಟ್ಟಿಯು ಊರಿನವರ ನಿತ್ಯಬಳಕೆಗೆ ಬಂದಿತು. ಯಾವುದೋ ಸೇನಾಠಾಣ್ಯಕ್ಕೆಂದು ಗೊತ್ತಾಗಿದ್ದ ಒಳವೃತ್ತದ ಅಂಕಿಗಳು ಹೀಗೆ ಗೃಹಸ್ಥನಿಗೂ ಅರ್ಥವಾಗುವಂತಾದುವು.

ಆ ಹೊತ್ತಿಗಾಗಲೇ ಕೀಲಿಯ ಗಡಿಯಾರದ ದಿನಗಳು ಮುಗಿಯುತ್ತ ಬಂದಿದ್ದುವು. ಕೀಲಿ ಬೇಡದ, ಬ್ಯಾಟರಿಯಿಂದ ನಡೆಯುವ, ಹೆಚ್ಚು ನಿಖರವಾದ ಕ್ವಾರ್ಟ್ಸ್ ಗಡಿಯಾರಗಳು 1980ರ ದಶಕದಲ್ಲಿ ಪೇಟೆಯನ್ನು ತುಂಬಿದುವು. 1984ರಲ್ಲಿ ಸ್ಥಾಪಿತವಾದ ಟೈಟನ್ ಸಂಸ್ಥೆಯು ಹೊಸೂರಿನ ಕಾರಖಾನೆಯಿಂದ ಹೊಸ ಅಭಿರುಚಿಯ ಗಡಿಯಾರಗಳನ್ನು ತಂದಿತು. ಕೈಫೋನು ಬಂದ ಮೇಲಂತೂ ಹೊತ್ತನ್ನು ನೋಡುವುದಕ್ಕೆ ಮಣಿಕಟ್ಟೇ ಬೇಡವಾಯಿತು. ಅನೇಕ ವರ್ಷಗಳ ನಷ್ಟದ ಅನಂತರ, 2016ರ ಜನವರಿಯಲ್ಲಿ ಕೇಂದ್ರ ಮಂತ್ರಿಮಂಡಲವು ಹೆಚ್. ಎಂ. ಟಿ. ವಾಚಸ್ ಸಂಸ್ಥೆಯನ್ನು ಮುಚ್ಚುವುದಕ್ಕೆ ಒಪ್ಪಿಗೆಯಿತ್ತಿತು. ಆ ವರ್ಷವೇ ತುಮಕೂರಿನ ಕಾರಖಾನೆಯ ಬಾಗಿಲೂ ಮುಚ್ಚಿತು. ಜಾಲಹಳ್ಳಿಯಲ್ಲಿ 2019ರಲ್ಲಿ ತೆರೆದ ವಸ್ತುಸಂಗ್ರಹಾಲಯವೊಂದು ಆ ಕಾರಖಾನೆಯ ನೆನಪನ್ನು ಉಳಿಸಿಕೊಂಡಿದೆ. ಮುಚ್ಚುವ ಸುದ್ದಿಯು ಹರಡಿದೊಡನೆ, ಅಂದಿನ ವರೆಗೂ ಮೂಲೆಯಲ್ಲಿ ಬಿದ್ದಿದ್ದ ಗಡಿಯಾರಗಳಿಗೆ ಎಲ್ಲಿಲ್ಲದ ಬೆಲೆಯು ಬಂದಿತು. ಇರುವಾಗ ನೋಡದವರು ಹೋದ ಮೇಲೆ ಹುಡುಕುವುದು ಲೋಕದ ರೂಢಿಯಷ್ಟೆ.

ಬೆಲೆಯೊಂದಿಗೆ ಕೇಡೂ ಬಂದಿತು. ಮುಂಬಯಿ ಮುಂತಾದ ನಗರಗಳ ಹಳೆಯ ಸಾಮಾನಿನ ಪೇಟೆಗಳಲ್ಲಿ, ಮಾಸಿದ ಮುಖವನ್ನು ಉಜ್ಜಿ ತೆಗೆದು ಹೊಸದಾಗಿ ಬಣ್ಣ ಬಳಿದು, ಅದರ ಮೇಲೆ ಅಂಕಿಗಳನ್ನು ಅಚ್ಚೊತ್ತಿ, ಒಂದು ಗಡಿಯಾರದ ಮುಳ್ಳುಗಳನ್ನು ಇನ್ನೊಂದಕ್ಕೂ ಮೂರನೆಯದರ ಬೆನ್ನನ್ನು ನಾಲ್ಕನೆಯದಕ್ಕೂ ಜೋಡಿಸಿ ಮಾರುವ ಉದ್ಯೋಗವು ಬೆಳೆಯಿತು. ಕಾರಖಾನೆಯು ಎಂದೂ ಮಾಡದ ಕೆಂಪು, ಹಳದಿ ಮುಖಗಳು ಹುಟ್ಟಿಕೊಂಡವು. ಸೇನೆಯ ಹೆಸರಿಗೆ ಬೆಲೆ ಹೆಚ್ಚೆಂದು ತಿಳಿದವರು, ಸಾಮಾನ್ಯ ಗಡಿಯಾರದ ಮುಖದ ಮೇಲೆ ಸೈನ್ಯದ ಹೆಸರನ್ನೂ ಬೆನ್ನಿನ ಮೇಲೆ ಬಾಣವನ್ನೂ ಬರೆಯತೊಡಗಿದರು. ಇಂಥವನ್ನು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಕವಚವು ಸವೆದು ಮುಖವು ಮಾತ್ರ ಹೊಳೆಯುತ್ತಿದ್ದರೆ ಸಂದೇಹಪಡಬೇಕು. ಭೂತಗಾಜಿನಲ್ಲಿ ನೋಡಿದಾಗ ಅಕ್ಷರಗಳ ಅಂಚು ಒಡೆದಿದ್ದರೆ, ಮಿನಿಟಿನ ಗೆರೆಗಳು ಅಂಕಿಗಳ ನೇರಕ್ಕೆ ಬಾರದಿದ್ದರೆ, ಮುಳ್ಳು ತಲುಪಬೇಕಾದ ಗೆರೆಯನ್ನು ತಲುಪದೆ ನಿಂತರೆ, ಅದು ಕೈಯಾಡಿಸಿದ ಗಡಿಯಾರ. ಹಳೆಯ ಗೀರುಗಳ ಮೇಲೆ ಹಾದುಹೋಗುವ ಹೊಸ ಕೆತ್ತನೆಯು ಹೊಸದೇ.

ಕೆಟ್ಟುಹೋದುದನ್ನು ಸರಿಪಡಿಸಬಾರದೇ ಎಂದು ಕೇಳಬಹುದು. ಸರಿಪಡಿಸಬೇಕು, ಆದರೆ ಯಂತ್ರಕ್ಕೂ ಮುಖಕ್ಕೂ ಭೇದವುಂಟು. ಒಣಗಿದ ಎಣ್ಣೆಯನ್ನು ತೊಳೆದು ಹೊಸ ಎಣ್ಣೆಯನ್ನು ಹಾಕುವುದೂ, ಮುರಿದ ಸ್ಪ್ರಿಂಗನ್ನು ಬದಲಾಯಿಸುವುದೂ ಗಡಿಯಾರಕ್ಕೆ ಆಯುಸ್ಸನ್ನು ಕೊಡುವ ಕೆಲಸಗಳು. ಮುಖಕ್ಕೆ ಬಣ್ಣ ಬಳಿಯುವುದು ಅದರ ಹಿಂದಿನ ಆಯುಸ್ಸನ್ನೇ ಕಳೆಯುವ ಕೆಲಸ. ತುಕ್ಕಿನಿಂದ ನಿಂತುಹೋದ ಗಡಿಯಾರವನ್ನು ನಡೆಸಬಹುದು. ಒರಸಿಹೋದ ಮುಖವನ್ನು ಯಾರೂ ಮರಳಿ ತರಲಾರರು. ಇನ್ನೊಂದು ಎಚ್ಚರಿಕೆಯೂ ಅಗತ್ಯ. ಎರಡನೆಯ ಮಹಾಯುದ್ಧದ ಕಾಲದ ಹಾಗೂ ಅದಕ್ಕೆ ಹಿಂದಿನ, ಕತ್ತಲಲ್ಲಿ ಬೆಳಗುವ ವಿದೇಶೀ ಗಡಿಯಾರಗಳ ಬಣ್ಣದಲ್ಲಿ ರೇಡಿಯಂ ಇರುವುದುಂಟು. ರೇಡಿಯಮ್ಮಿನ ಶಕ್ತಿಯು ಅರ್ಧಕ್ಕೆ ಇಳಿಯುವುದಕ್ಕೆ ಸುಮಾರು 1,600 ವರ್ಷಗಳು ಬೇಕು. ಬೆಳಕು ಆರಿದುದು ಅದರೊಡನೆ ಬೆರೆಸಿದ ವಸ್ತುವು ಕ್ಷೀಣಿಸಿದುದರಿಂದ, ವಿಷವು ಆರಿಲ್ಲ. ಅಮೆರಿಕದಲ್ಲಿ ಈ ಬಣ್ಣದ ಕುಂಚವನ್ನು ತುಟಿಯಲ್ಲಿ ಚೂಪುಮಾಡುತ್ತ ಕೆಲಸಮಾಡಿದ ಹುಡುಗಿಯರು 1920ರ ದಶಕದಲ್ಲಿ ದವಡೆಯ ಎಲುಬು ಕರಗಿ ಸತ್ತ ಸಂಗತಿಯು ಚರಿತ್ರೆಯಲ್ಲಿ ದಾಖಲಾಗಿದೆ. ಅಂಥ ಗಡಿಯಾರವನ್ನು ಮನೆಯಲ್ಲಿ ಬಿಚ್ಚಬಾರದು, ಬಣ್ಣವನ್ನು ಕೆರೆಯಬಾರದು, ಮಕ್ಕಳ ಕೈಗೆ ಕೊಡಬಾರದು.

ಕೊನೆಯದಾಗಿ, ಯಾವ ಸಂಗ್ರಾಹಕನೂ ಹಣ ಕೊಟ್ಟು ಕೊಳ್ಳಲಾರದ ಒಂದು ವಸ್ತುವು ಈ ಸೀಮೆಯ ಮನೆಗಳಲ್ಲಿ ಇನ್ನೂ ಇದೆ. ಅದು ಗಡಿಯಾರದ ಹಿಂದಿನ ವೃತ್ತಾಂತ. ಬೆನ್ನಿನ ಮೇಲಣ ಬಾಣವು ಇದು ಸೇನೆಗೆ ಸೇರಿತ್ತೆಂದು ಹೇಳಬಲ್ಲುದು. ಯಾರ ಕೈಯಲ್ಲಿತ್ತು, ಯಾವ ಗಡಿಯಲ್ಲಿ ರಾತ್ರಿಯ ಕಾವಲಿನ ಹೊತ್ತನ್ನು ತೋರಿಸಿತು, ಯಾವ ವರ್ಷ ಯಾವ ರೈಲಿಳಿದು ಊರಿಗೆ ಬಂದಿತು ಎಂಬುದನ್ನು ಅದು ಹೇಳಲಾರದು. ಅದನ್ನು ಹೇಳಬಲ್ಲ ಹಿರಿಯರು ದಿನದಿನಕ್ಕೆ ಕಡಿಮೆಯಾಗುತ್ತಿದ್ದಾರೆ. ಅವರಿರುವಾಗಲೇ ಕೇಳಿ, ಒಂದು ಸಣ್ಣ ಚೀಟಿಯಲ್ಲಿ ಹೆಸರು, ಇಸವಿ, ಊರುಗಳನ್ನು ಬರೆದು ಗಡಿಯಾರದೊಡನೆ ಪೆಟ್ಟಿಗೆಯಲ್ಲಿ ಇಟ್ಟರೆ ಅಷ್ಟೇ ಸಾಕು. ಚೀಟಿಯಿಲ್ಲದ ಗಡಿಯಾರವು ಇನ್ನೊಂದು ತಲೆಮಾರಿಗೆ ಹಳೆಯ ಸಾಮಾನು. ಚೀಟಿಯುಳ್ಳದು ಮನೆಯ ಚರಿತ್ರೆ. ಮುಖವು ಮಾಸಿರಲಿ, ಮುಳ್ಳು ನಿಂತಿರಲಿ. ನಿಂತ ಗಡಿಯಾರಕ್ಕೆ ಕೀಲಿ ಕೊಡಲು ಎಂದಾದರೂ ಒಬ್ಬನು ದೊರೆತಾನು. ಮರೆತುಹೋದ ಹೆಸರನ್ನು ಹೇಳಲು ಯಾರೂ ದೊರೆಯಲಾರರು.